ಎತ್ತರಿಸಿದ ಜಿಮ್ನಿಗೆ ಯಾವ ಅಲೈನ್‌ಮೆಂಟ್ ಭಾಗ ಬೇಕು, ಯಾವುದು ಬೇಡ

ಪ್ರಶ್ನೆ: ಮೂಡಿಗೆರೆ ಸೀಮೆಯ ಕಾಫಿ ಬೆಳೆಗಾರ ನಾನು. ನನ್ನ ಐದು ಬಾಗಿಲಿನ ಮಾರುತಿ ಜಿಮ್ನಿಗೆ ಎರಡು ಇಂಚಿನ ಲಿಫ್ಟ್ ಸ್ಪ್ರಿಂಗ್, ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್ ಮತ್ತು 215/75 ಆರ್15 ಅಳತೆಯ ಟೈರ್ ಹಾಕಿಸಿದ್ದೇನೆ. ತೋಟದ ದಾರಿಯಲ್ಲಿ ಯಾವ ತೊಂದರೆಯೂ ಇಲ್ಲ. ಆದರೆ ಹಾಸನದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ 70–80 ಕಿ.ಮೀ. ವೇಗ ಮುಟ್ಟಿದರೆ ಸ್ಟೀರಿಂಗ್ ತೇಲಿದಂತಾಗುತ್ತದೆ. ತಿರುವು ಮುಗಿದ ಮೇಲೆ ಅದು ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ನೇರ ಹೋಗುವಾಗಲೂ ಸ್ಟೀರಿಂಗ್ ಚಕ್ರ ಎಡಕ್ಕೆ ವಾಲಿಕೊಂಡೇ ಇರುತ್ತದೆ. ಒಮ್ಮೊಮ್ಮೆ ಗುಂಡಿಗೆ ಇಳಿದಾಗ ಮುಂಭಾಗವೆಲ್ಲ ಗಡಗಡ ನಡುಗುತ್ತದೆ. ಎರಡು ಕಡೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದರೂ ಫಲ ಸಿಗಲಿಲ್ಲ. ಒಬ್ಬ ಮೆಕ್ಯಾನಿಕ್ ಕ್ಯಾಂಬರ್ ಬೋಲ್ಟ್ ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಚಕ್ರವನ್ನು ಹೊರಕ್ಕೆ ಸರಿಸುವ ವೀಲ್ ಸ್ಪೇಸರ್, ಮತ್ತೊಬ್ಬರು ನಡುಕ ತಡೆಯುವ ದಪ್ಪನೆಯ ಸ್ಟೀರಿಂಗ್ ಡ್ಯಾಂಪರ್ ಎನ್ನುತ್ತಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ಈ ಮೂರರಲ್ಲಿ ಯಾವುದನ್ನೂ ಕೊಳ್ಳಬೇಡಿ. ನೀವು ಬರೆದಿರುವ ಲಕ್ಷಣಗಳು ಎರಡು ಬೇರೆ ಬೇರೆ ಕಾರಣಗಳನ್ನು ತೋರಿಸುತ್ತವೆ, ಮೂರನೆಯದೊಂದು ಕಾರಣ ಇರಬಹುದೆಂಬ ಅನುಮಾನವನ್ನೂ ಹುಟ್ಟಿಸುತ್ತವೆ. ಅವನ್ನು ಬಿಡಿಸಿ ನೋಡಿ, ಅಳೆದು, ಆಮೇಲೆ ಭಾಗಗಳನ್ನು ತರಿಸಿದರೆ ಖರ್ಚು ಅರ್ಧಕ್ಕರ್ಧ ಉಳಿಯುತ್ತದೆ, ಗಾಡಿಯೂ ನೆಟ್ಟಗಾಗುತ್ತದೆ.

ಕ್ಯಾಂಬರ್ ಬೋಲ್ಟ್ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ. ಸಾಮಾನ್ಯ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆ. ಅಂಥ ಕಾರಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಸೇರಿದ ಕಂಬ) ಮತ್ತು ನಕಲ್ (ಚಕ್ರವನ್ನು ಹೊತ್ತ ತುಂಡು) ಸೇರುವಲ್ಲಿ ಈ ಬೋಲ್ಟ್ ಹಾಕಿ, ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಓರೆಯನ್ನು, ಅಂದರೆ ಕ್ಯಾಂಬರನ್ನು, ತಿದ್ದುತ್ತಾರೆ. ಜಿಮ್ನಿಯ ಮುಂದೆಯೂ ಹಿಂದೆಯೂ ಇರುವುದು ಇಡಿಯಾದ ಗಟ್ಟಿ ಆಕ್ಸಲ್. ಎರಡು ಚಕ್ರಗಳೂ ಒಂದೇ ಕಬ್ಬಿಣದ ತೊಲೆಯ ಎರಡು ತುದಿಗಳಲ್ಲಿ ಕುಳಿತಿವೆ. ನೀವು ಗಾಡಿಯನ್ನು ಎರಡಲ್ಲ, ನಾಲ್ಕು ಇಂಚು ಎತ್ತರಿಸಿದರೂ ನೆಲಕ್ಕೂ ಆ ತೊಲೆಗೂ ಇರುವ ಸಂಬಂಧ ಬದಲಾಗುವುದಿಲ್ಲ, ಆದ್ದರಿಂದ ಲಿಫ್ಟ್‌ನಿಂದ ಕ್ಯಾಂಬರ್ ಕೆಡುವುದಿಲ್ಲ. ಅಳತೆಯಲ್ಲಿ ಕ್ಯಾಂಬರ್ ಕೆಟ್ಟಿದೆ ಎಂದು ಬಂದರೆ ಆಕ್ಸಲ್ ಕವಚ ಬಾಗಿದೆ ಅಥವಾ ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್ನಿನ ಬೇರಿಂಗ್ ಸವೆದಿದೆ ಎಂದೇ ತಿಳಿಯಬೇಕು. ಅದಕ್ಕೆ ಬೋಲ್ಟ್ ಮದ್ದಲ್ಲ, ಮೇಲಾಗಿ ಅದನ್ನು ಹಾಕಲು ಈ ಗಾಡಿಯಲ್ಲಿ ಜಾಗವೇ ಇಲ್ಲ.

ನಿಮ್ಮ ನೆರೆಯವರ ಬಳಿ 2020ರ ನಂತರದ ಮಹೀಂದ್ರ ಥಾರ್ ಇದ್ದರೆ ಅದರ ಲೆಕ್ಕವೇ ಬೇರೆ. ಅದರ ಮುಂಭಾಗದಲ್ಲಿ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ಆರ್ಮ್ ಹಿಡಿಯುವ ಡಬಲ್ ವಿಶ್‌ಬೋನ್ ಇದೆ. ಅಲ್ಲಿ ಎತ್ತರ ಹೆಚ್ಚಿದಂತೆ ಕ್ಯಾಂಬರ್, ಟೋ (ಚಕ್ರಗಳ ಮುಂದಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಬದಲಾಗುತ್ತವೆ, ಮೇಲಿನ ಆರ್ಮ್‌ನ ಬಾಲ್ ಜಾಯಿಂಟ್ ತನ್ನ ಓರೆಯ ಮಿತಿಗೆ ಹತ್ತಿರವಾಗುತ್ತದೆ, ಆದ್ದರಿಂದ ತಿದ್ದಿದ ಮೇಲಿನ ಆರ್ಮ್ ಕೊಳ್ಳುವುದಕ್ಕೆ ಅರ್ಥವಿದೆ. ಥಾರ್ ಮಾಲೀಕರ ಸಲಹೆಯನ್ನು ಜಿಮ್ನಿಗೆ, ಜಿಮ್ನಿಯವರದನ್ನು ಥಾರ್‌ಗೆ ಅನ್ವಯಿಸುವುದರಿಂದಲೇ ಮುಕ್ಕಾಲು ಪಾಲು ಗೊಂದಲ ಹುಟ್ಟುತ್ತದೆ.

ಈಗ ನಿಮ್ಮ ಮೊದಲ ಲಕ್ಷಣಕ್ಕೆ ಬರೋಣ. ಸ್ಟೀರಿಂಗ್ ತೇಲುವುದು, ತಿರುವಿನಿಂದ ತಾನಾಗಿ ಹಿಂದಿರುಗದಿರುವುದು, ಇವೆರಡೂ ಕಾಸ್ಟರ್ ಕಡಿಮೆಯಾದಾಗ ಕಾಣುವ ಗುರುತುಗಳು. ಚಕ್ರ ಯಾವ ಅಕ್ಷದ ಸುತ್ತ ಎಡಬಲಕ್ಕೆ ತಿರುಗುತ್ತದೋ ಆ ಅಕ್ಷದ ತಲೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು, ಆ ಓರೆಯೇ ಕಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ನೆನಪಿಸಿಕೊಳ್ಳಿ, ಕೈ ಬಿಟ್ಟರೂ ಸೈಕಲ್ ನೇರ ಹೋಗುವುದರಲ್ಲಿ ಆ ಓರೆಯ ಪಾಲು ದೊಡ್ಡದು. ಜಿಮ್ನಿಯ ಮುಂದಿನ ಆಕ್ಸಲ್ಲನ್ನು ಎರಡು ಲೀಡಿಂಗ್ ಆರ್ಮ್‌ಗಳು ಹಿಡಿದಿವೆ. ಪ್ರತಿ ಆರ್ಮ್‌ನ ಹಿಂದಿನ ತುದಿ ಚಾಸಿಗೆ ಸೇರುತ್ತದೆ, ಮುಂದಿನ ತುದಿ ಎರಡು ಬುಷ್‌ಗಳ (ರಬ್ಬರಿನ ಬಳೆಯಂಥ ತುಂಡುಗಳ) ಮೂಲಕ ಆಕ್ಸಲ್ಲನ್ನು ಅಪ್ಪಿ ಹಿಡಿಯುತ್ತದೆ. ಉದ್ದ ಸ್ಪ್ರಿಂಗ್ ಹಾಕಿ ಚಾಸಿಯನ್ನು ಮೇಲೆತ್ತಿದಾಗ ಆರ್ಮ್‌ನ ಹಿಂದಿನ ತುದಿಯೂ ಮೇಲೇರಿ, ಆಕ್ಸಲ್ ಮುಂದಕ್ಕೆ ಹೊರಳಿ, ಕಿಂಗ್‌ಪಿನ್ ಅಕ್ಷ ನೆಟ್ಟಗಾಗಿಬಿಡುತ್ತದೆ. ಎಷ್ಟು ಹೊರಳಿತೆಂಬುದನ್ನು ಲೆಕ್ಕ ಹಾಕಬಹುದು. ಆರ್ಮ್‌ನ ಕೆಲಸದ ಉದ್ದ 900 ಮಿ.ಮೀ. ಇದೆ ಎಂದಿಟ್ಟುಕೊಂಡರೆ, 50 ಮಿ.ಮೀ. ಎತ್ತರಿಸಿದಾಗ ಸುಮಾರು 3.2 ಡಿಗ್ರಿ ಕಾಸ್ಟರ್ ಕಳೆದುಹೋಗುತ್ತದೆ. ನಿಮ್ಮ ಗಾಡಿಯ ಆರ್ಮ್ ಅಳೆದು ಇದೇ ಲೆಕ್ಕ ಮಾಡಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪೆಟ್ಟಿಗೆಯ ಮೇಲೆ ಎರಡು ಇಂಚು ಎಂದು ಬರೆದಿದ್ದ ಮಾತ್ರಕ್ಕೆ ಗಾಡಿ ಎರಡೇ ಇಂಚು ಎದ್ದಿದೆ ಎಂದು ನಂಬಬೇಡಿ. ಇಂಥ ಸ್ಪ್ರಿಂಗ್‌ಗಳಲ್ಲಿ ಹಲವನ್ನು ಮುಂದೆ ಕಬ್ಬಿಣದ ಬಂಪರ್, ವಿಂಚ್ ಹೊತ್ತ ಗಾಡಿಗಾಗಿ ಮಾಡಿರುತ್ತಾರೆ. ಆ ಭಾರವಿಲ್ಲದ ಗಾಡಿಗೆ ಅವನ್ನೇ ಹಾಕಿದರೆ ಮುಂಭಾಗ ಹೇಳಿದ್ದಕ್ಕಿಂತ ಹೆಚ್ಚು ಎದ್ದು ನಿಲ್ಲುತ್ತದೆ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಬರೆದುಕೊಳ್ಳಿ, ಅದೇ ಮಾದರಿಯ ಎತ್ತರಿಸದ ಗಾಡಿಯ ಅಳತೆಯೊಂದಿಗೆ ಹೋಲಿಸಿ. ಆಗ ಸಿಗುವ ವ್ಯತ್ಯಾಸವೇ ನಿಮ್ಮ ನಿಜವಾದ ಲಿಫ್ಟ್. ಟೈರ್ ದೊಡ್ಡದಾದದ್ದು ಈ ಅಳತೆಯಲ್ಲಿ ಸೇರುವುದಿಲ್ಲ, ಸೇರಲೂಬಾರದು. ಮೂಲದ 195/80 ಆರ್15 ಟೈರಿಗಿಂತ ನಿಮ್ಮದು ವ್ಯಾಸದಲ್ಲಿ ಸುಮಾರು 10 ಮಿ.ಮೀ. ಮಾತ್ರ ದೊಡ್ಡದು. ಅದು ಆಕ್ಸಲ್ಲನ್ನು 5 ಮಿ.ಮೀ. ಮೇಲೆತ್ತುತ್ತದೆಯೇ ಹೊರತು ಸಸ್ಪೆನ್ಷನ್ ಕೋನಗಳನ್ನು ಮುಟ್ಟುವುದಿಲ್ಲ.

ಆಮೇಲೆ ಅಲೈನ್‌ಮೆಂಟ್ ಅಂಗಡಿಗೆ ಹೋಗಿ ಕಾಸ್ಟರ್ ಅಳೆದುಕೊಡಿ ಎಂದು ಬಾಯಿಬಿಟ್ಟು ಕೇಳಿ. ಸಮಯ ಉಳಿಸಲು ಹಲವರು ಟೋ ಮಾತ್ರ ನೋಡಿ ಚೀಟಿ ಕೊಟ್ಟುಬಿಡುತ್ತಾರೆ. ಎರಡು ಕಡೆ ಮಾಡಿಸಿಯೂ ನಿಮಗೆ ಫಲ ಸಿಗದಿರಲು ಇದೇ ಕಾರಣವಿದ್ದೀತು. ಕಾಸ್ಟರ್ ತಿಳಿಯಬೇಕಾದರೆ ಚಕ್ರವನ್ನು ತಿರುಗುವ ತಟ್ಟೆಯ ಮೇಲಿಟ್ಟು ಎಡಕ್ಕೂ ಬಲಕ್ಕೂ ಹೊರಳಿಸಿ ಓದಬೇಕು. ಆ ಕೆಲಸ ನಿಮ್ಮ ಕಣ್ಣೆದುರೇ ಆಗಲಿ. ಕೈಗೆ ಬರುವ ಚೀಟಿಯಲ್ಲಿ ಎಡ, ಬಲ ಎರಡೂ ಅಂಕಿ ಇರಲಿ, ಸರ್ವಿಸ್ ಕೈಪಿಡಿಯ ಅಂಕಿಯನ್ನು ಪಕ್ಕದಲ್ಲಿ ಬರೆಯಿಸಿಕೊಳ್ಳಿ.

ಕಾಸ್ಟರ್ ಹಿಂದಕ್ಕೆ ತರಲು ಮಾರುಕಟ್ಟೆಯಲ್ಲಿ ಮೂರು ಬಗೆಯ ಭಾಗಗಳು ಸಿಗುತ್ತವೆ, ನಿಮ್ಮ ಆಯ್ಕೆಯ ತಿರುಳು ಇರುವುದು ಇಲ್ಲೇ.

ಅಗ್ಗದ್ದು ಆಫ್‌ಸೆಟ್ ಬುಷ್. ಬೋಲ್ಟ್ ಹಾಯುವ ರಂಧ್ರ ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುವ ಈ ಬುಷ್‌ಗಳನ್ನು ಆರ್ಮ್‌ನ ಆಕ್ಸಲ್ ತುದಿಯಲ್ಲಿ, ಹಳೆಯ ಬುಷ್ ತೆಗೆದ ಜಾಗಕ್ಕೆ ಪ್ರೆಸ್ ಮಾಡಿ ಕೂರಿಸುತ್ತಾರೆ. ಇವು ಹೆಚ್ಚಾಗಿ ಪಾಲಿಯೂರಿಥೇನ್‌ನಲ್ಲಿ ಬರುತ್ತವೆ, ನನ್ನ ಅಳುಕು ಇರುವುದೂ ಅದರ ಬಗ್ಗೆಯೇ. ಒಂದು ಚಕ್ರ ಬಂಡೆ ಏರಿ ಇನ್ನೊಂದು ಕೊರಕಲಿಗೆ ಇಳಿದಾಗ ಜಿಮ್ನಿಯ ಆಕ್ಸಲ್ ಓರೆಯಾಗಲು ಎಡೆ ಸಿಗುವುದೇ ಈ ಬುಷ್‌ಗಳ ರಬ್ಬರು ತಿರುಚಿಕೊಳ್ಳುವುದರಿಂದ. ಬುಷ್ ಗಟ್ಟಿಯಾದಷ್ಟೂ ಆ ಹೊರಳಾಟ ಕಡಿಮೆಯಾಗಿ, ಅದರ ಒತ್ತಡವೆಲ್ಲ ಆಕ್ಸಲ್ಲಿಗೆ ಬೆಸೆದ ಬ್ರ್ಯಾಕೆಟ್‌ಗಳ ಮೇಲೆ ಬೀಳುತ್ತದೆ. ಹೆಚ್ಚಾಗಿ ಟಾರು ರಸ್ತೆಯಲ್ಲೇ ಓಡುವ ಗಾಡಿಗೆ ಇದು ಸಾಕು. ದಿನಾ ತೋಟದ ಕೊರಕಲು ಹತ್ತಿಳಿಯುವ ನಿಮ್ಮ ಗಾಡಿಗೆ ನಾನು ಇದನ್ನು ಎರಡನೆಯ ಆಯ್ಕೆಯಾಗಿ ಮಾತ್ರ ಹೇಳುತ್ತೇನೆ.

ಈ ಬುಷ್ ಹಾಕಿಸುವುದೇ ಆದರೆ ಅದರ ದಿಕ್ಕನ್ನು ನೀವೇ ನಿಂತು ನೋಡಿ. ಒಮ್ಮೆ ನನ್ನ ಬಳಿಗೆ ಬಂದ ಜಿಮ್ನಿಯೊಂದಕ್ಕೆ ಹೊಸ ಆಫ್‌ಸೆಟ್ ಬುಷ್ ಹಾಕಿಸಿ ಎರಡೇ ವಾರವಾಗಿತ್ತು. ಮಾಲೀಕರು ಹೇಳುವಂತೆ ಗಾಡಿ ಮೊದಲಿಗಿಂತಲೂ ಕೆಟ್ಟಿತ್ತು. ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಎಡಗಡೆಯ ಆರ್ಮ್‌ನ ಒಂದು ಬುಷ್‌ನಲ್ಲಿ ರಂಧ್ರ ಮೇಲಿನ ಅಂಚಿಗೆ ಹತ್ತಿರವಿತ್ತು, ಬಲಗಡೆ ಅದೇ ಜಾಗದ ಬುಷ್‌ನಲ್ಲಿ ಕೆಳ ಅಂಚಿಗೆ ಹತ್ತಿರವಿತ್ತು. ಅಂದರೆ ಆಕ್ಸಲ್ಲಿನ ಒಂದು ಪಕ್ಕವನ್ನು ಹಿಂದಕ್ಕೂ ಇನ್ನೊಂದು ಪಕ್ಕವನ್ನು ಮುಂದಕ್ಕೂ ಹೊರಳಿಸಲು ನಾಲ್ಕು ಬುಷ್‌ಗಳು ತಮ್ಮೊಳಗೆ ಜಗ್ಗಾಡುತ್ತಿದ್ದವು. ಬುಷ್‌ನ ಅಂಚಿನಲ್ಲಿ ಉಗುರಿನಷ್ಟು ಚಿಕ್ಕದಾಗಿ ಅಚ್ಚೊತ್ತಿದ್ದ ಬಾಣದ ಗುರುತು ಗ್ರೀಸಿನಡಿ ಮುಚ್ಚಿಹೋಗಿದ್ದರಿಂದ ಕೂರಿಸಿದವರು ಅದನ್ನು ಗಮನಿಸಿರಲಿಲ್ಲ. ಹೊರಗೆ ತೆಗೆದು ತಿರುಗಿಸಿ ಕೂರಿಸಿದ ಅರ್ಧ ದಿನದ ಕೆಲಸದಿಂದ ಗಾಡಿ ಸರಿಹೋಯಿತು, ಹೊಸ ಭಾಗ ಯಾವುದೂ ಬೇಕಾಗಲಿಲ್ಲ.

ಎರಡನೆಯ ಬಗೆ ಡ್ರಾಪ್ ಬ್ರ್ಯಾಕೆಟ್. ಇದು ಲೀಡಿಂಗ್ ಆರ್ಮ್‌ನ ಚಾಸಿ ತುದಿಯನ್ನೇ ಕೆಳಕ್ಕೆ ಇಳಿಸುತ್ತದೆ. ಆರ್ಮ್‌ನ ಓರೆ ಮೂಲದ ಸ್ಥಿತಿಗೆ ಬರುವುದರಿಂದ ಕಾಸ್ಟರ್ ಸರಿಯಾಗುವುದಲ್ಲದೆ, ಗುಂಡಿ ಬಿದ್ದಾಗ ಬರುವ ಏಟೂ ಮೆತ್ತಗಾಗುತ್ತದೆ. ಸವಾರಿಯ ಹಿತವೊಂದನ್ನೇ ನೋಡಿದರೆ ಮೂರರಲ್ಲಿ ಇದೇ ಮೇಲು. ಆದರೆ ಗಾಡಿಯನ್ನು ಎತ್ತರಿಸಿದ್ದು ಕೆಳಗೆ ಜಾಗ ಸಿಗಲೆಂದು, ಈ ಬ್ರ್ಯಾಕೆಟ್ ಅದೇ ಜಾಗದಲ್ಲಿ ಕೊಕ್ಕೆಯಂತೆ ಇಳಿಬೀಳುತ್ತದೆ. ಮಳೆಗಾಲದಲ್ಲಿ ನಡುದಿಬ್ಬ ಎದ್ದ ತೋಟದ ದಾರಿಯಲ್ಲಿ ಮೊದಲು ನೆಲ ತಾಗುವುದು ಅದೇ.

ಮೂರನೆಯದು ತಿದ್ದಿದ ಲೀಡಿಂಗ್ ಆರ್ಮ್. ಆರ್ಮ್ ಅನ್ನೇ ಬೇಕಾದಷ್ಟು ಡಿಗ್ರಿ ಬಾಗಿಸಿ ಹೊಸದಾಗಿ ತಯಾರಿಸಿರುತ್ತಾರೆ. ಮೂಲ ಮಾದರಿಯ ರಬ್ಬರ್ ಬುಷ್‌ಗಳನ್ನೇ ಬಳಸಬಹುದಾದ್ದರಿಂದ ಆಕ್ಸಲ್ಲಿನ ಹೊರಳಾಟ ಉಳಿಯುತ್ತದೆ, ಏನೂ ಕೆಳಕ್ಕೆ ಇಳಿಬೀಳುವುದಿಲ್ಲ. ಬೆಲೆ ಮೂರರಲ್ಲೂ ಹೆಚ್ಚು. ಆದರೂ ನಿಮ್ಮ ಬಳಕೆಗೆ ನನ್ನ ಸಲಹೆ ಇದೇ. ಕೊಳ್ಳುವಾಗ ಬೆಸುಗೆಯ ಗೆರೆಯನ್ನು ಬೆರಳಾಡಿಸಿ ನೋಡಿ, ಒಂದೇ ಸಮನಾಗಿ, ಗುಳಿ ಬೀಳದೆ, ಎರಡೂ ಬದಿ ಪೂರ್ತಿ ಸುತ್ತಿರಬೇಕು. ಬುಷ್ ಒಳಗೇ ಕೂರಿಸಿ ಬಂದಿದ್ದರೆ ಅದು ರಬ್ಬರೋ ಪಾಲಿಯೂರಿಥೇನೋ ಎಂದು ಕೇಳಿ. ಎಷ್ಟು ಡಿಗ್ರಿಯ ತಿದ್ದುಪಡಿ ಎಂಬ ಲಿಖಿತ ವಿವರ ಕೊಡದ ಆರ್ಮ್ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಕಳೆದುಹೋದ ಕಾಸ್ಟರನ್ನು ಕೊನೆಯ ದಶಾಂಶದವರೆಗೂ ಹಿಂದಕ್ಕೆ ತರುವ ಹಟ ಮಾತ್ರ ಬೇಡ. ಇದನ್ನು ಅಂಗಡಿಯವರು ಹೇಳುವುದು ಅಪರೂಪ. ಎರಡು ಚಕ್ರಗಳಿಗೆ ಶಕ್ತಿ ಹಂಚುವ ಮುಂದಿನ ಡಿಫರೆನ್ಷಿಯಲ್ ಅದೇ ಆಕ್ಸಲ್ಲಿನ ಮೇಲೆ ಕುಳಿತಿದೆ, ಶಾಫ್ಟ್ ಸೇರುವ ಅದರ ಪಿನಿಯನ್ ಮೂತಿ ಹಿಂದಕ್ಕೆ, ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಕಳಿಸುವ ಟ್ರಾನ್ಸ್‌ಫರ್ ಕೇಸಿನ ಕಡೆಗೆ ಮುಖ ಮಾಡಿದೆ. ಕಾಸ್ಟರ್ ಹೆಚ್ಚಿಸಲು ಆಕ್ಸಲ್ಲನ್ನು ಹಿಂದಕ್ಕೆ ಹೊರಳಿಸಿದಷ್ಟೂ ಆ ಮೂತಿ ನೆಲದತ್ತ ಬಾಗುತ್ತದೆ. ಟ್ರಾನ್ಸ್‌ಫರ್ ಕೇಸಾದರೋ ಚಾಸಿಯ ಜೊತೆಗೆ ಎರಡು ಇಂಚು ಮೇಲೇರಿದೆ. ನಡುವಿನ ಪ್ರೊಪೆಲ್ಲರ್ ಶಾಫ್ಟ್‌ನ ಕೀಲು ಹೆಚ್ಚು ಓರೆಯಲ್ಲಿ ಕೆಲಸ ಮಾಡಬೇಕಾಗಿ, 4ಎಚ್‌ಗೆ (ನಾಲ್ಕೂ ಚಕ್ರದ ಚಾಲನೆಗೆ) ಹಾಕಿ ವೇಗ ಹಿಡಿದಾಗ ನೆಲಹಾಸಿನಡಿಯಿಂದ ಝುಂಯ್ ಎಂಬ ನಡುಕ ಏಳುತ್ತದೆ. ಎರಡು ಚಕ್ರದ ಚಾಲನೆಯಲ್ಲಿ ಇಲ್ಲದ ನಡುಕ 4ಎಚ್‌ನಲ್ಲಿ ಮಾತ್ರ ಬಂದರೆ ಅದರ ಮೂಲ ಇಲ್ಲಿದೆ ಎಂದು ತಿಳಿಯಿರಿ. ಚಾರ್ಮಾಡಿ ಘಾಟಿಯಲ್ಲಿ ಮಳೆಗೆ 4ಎಚ್ ಹಾಕಿಕೊಂಡು ಇಳಿಯುವ ನಿಮ್ಮಂಥವರಿಗೆ ಇದು ಬರಿಯ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಮೂರು ಡಿಗ್ರಿ ಕಳೆದಿದ್ದರೆ ಎರಡು ಅಥವಾ ಎರಡೂವರೆ ಹಿಂದಕ್ಕೆ ಬಂದರೂ ಸ್ಟೀರಿಂಗ್ ನೇರಕ್ಕೆ ಮರಳಲು ಸಾಕಾಗುತ್ತದೆ, ಶಾಫ್ಟ್ ಕೂಡ ನೆಮ್ಮದಿಯಾಗಿರುತ್ತದೆ. ತಿದ್ದಿದ ಆರ್ಮ್ ಮತ್ತು ಆಫ್‌ಸೆಟ್ ಬುಷ್ ಎರಡನ್ನೂ ಒಟ್ಟಿಗೆ ಹಾಕುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಸ್ಟೀರಿಂಗ್ ಚಕ್ರ ಎಡಕ್ಕೆ ವಾಲಿ ನಿಂತಿರುವುದಕ್ಕೆ ಕಾರಣ ಬೇರೆ. ಆಕ್ಸಲ್ ಎಡಬಲಕ್ಕೆ ಸರಿಯದಂತೆ ಹಿಡಿಯುವುದು ಪ್ಯಾನ್‌ಹಾರ್ಡ್ ರಾಡ್, ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಲ್ಯಾಟರಲ್ ರಾಡ್ ಎನ್ನುವುದೂ ಇದನ್ನೇ. ಇದರ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ಆಕ್ಸಲ್ಲಿನಲ್ಲಿ. ಚಾಸಿ ಮೇಲೇರಿದಾಗ ರಾಡು ಹೆಚ್ಚು ಓರೆಯಾಗುತ್ತದೆ, ಅದರ ಅಡ್ಡಳತೆ ಕುಗ್ಗಿ ಆಕ್ಸಲ್ಲನ್ನು ಚಾಸಿ ತುದಿಯ ಕಡೆಗೆ ಎಳೆದುಕೊಳ್ಳುತ್ತದೆ. ಉದಾಹರಣೆಗೆ 850 ಮಿ.ಮೀ. ಉದ್ದದ ರಾಡಿನ ಎರಡು ತುದಿಗಳ ಎತ್ತರದ ಅಂತರ ಮೊದಲು 100 ಮಿ.ಮೀ. ಇದ್ದು ಲಿಫ್ಟ್‌ನಿಂದ 150 ಆದರೆ, ಆಕ್ಸಲ್ ಸುಮಾರು 7 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಹಿಂದಿನ ಆಕ್ಸಲ್ಲಿಗೂ ಇಂಥದೇ ರಾಡು ಇರುವುದರಿಂದ ಅದೂ ಸರಿದಿರುತ್ತದೆ. ಎರಡೂ ಒಂದೇ ಅಳತೆಯಲ್ಲಿ ಒಂದೇ ಪಕ್ಕಕ್ಕೆ ಸರಿಯದಿದ್ದರೆ ಗಾಡಿ ಏಡಿಯಂತೆ ಸ್ವಲ್ಪ ಅಡ್ಡಡ್ಡ ನಡೆಯುತ್ತದೆ.

ಇದನ್ನು ಅಳೆಯಲು ಯಂತ್ರ ಬೇಡ. ಗಾರೆಯವರು ಬಳಸುವ ತೂಗುಗುಂಡನ್ನು ಫೆಂಡರ್ ಅಂಚಿನಿಂದ, ಚಕ್ರದ ನಡುಭಾಗಕ್ಕೆ ನೇರವಾಗಿ ಇಳಿಬಿಟ್ಟು, ದಾರಕ್ಕೂ ಟೈರಿನ ಹೊರಮೈಗೂ ಇರುವ ಅಂತರವನ್ನು ಸ್ಕೇಲಿನಿಂದ ಓದಿ. ಎಡಗಡೆ 22, ಬಲಗಡೆ 8 ಮಿ.ಮೀ. ಬಂದರೆ ಆಕ್ಸಲ್ ಬಲಕ್ಕೆ 7 ಮಿ.ಮೀ. ಸರಿದಿದೆ ಎಂದರ್ಥ, ವ್ಯತ್ಯಾಸದ ಅರ್ಧವೇ ಸರಿತ. ಸರಿತ ಮೂರು ನಾಲ್ಕು ಮಿಲಿಮೀಟರಿನೊಳಗಿದ್ದರೆ ನಾನಾದರೆ ಹೊಸ ರಾಡಿಗೆ ಹಣ ಹಾಕುವುದಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಮುಂದೆ ಹಿಂದೆ ಎರಡಕ್ಕೂ ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಹಾಕಿಸಿ.

ರಾಡು ಆರಿಸುವಾಗ ತುದಿಗಳನ್ನು ನೋಡಿ. ಉಕ್ಕಿನ ಗುಂಡು ಉಕ್ಕಿನ ಬಳೆಯೊಳಗೆ ತಿರುಗುವ ಹೈಮ್ ಜಾಯಿಂಟ್ ನೋಡಲು ಅಂದವಾಗಿದೆ, ಸ್ಪರ್ಧೆಯ ಗಾಡಿಗಳಿಗೆ ತಕ್ಕದ್ದು. ಮಲೆನಾಡಿನ ಕೆಸರು, ತಿಂಗಳುಗಟ್ಟಲೆ ಬಿಡದ ಮಳೆ ಇವುಗಳ ನಡುವೆ ಅದು ಬೇಗ ಸವೆದು ಟಕಟಕ ಎನ್ನತೊಡಗುತ್ತದೆ. ಎರಡೂ ತುದಿಯಲ್ಲಿ ರಬ್ಬರ್ ಬುಷ್ ಇರುವ ರಾಡನ್ನೇ ಆರಿಸಿ. ಒಂದು ತುದಿಯ ತಿರುಪು ಎಡಸುತ್ತು, ಇನ್ನೊಂದರದು ಬಲಸುತ್ತು ಇದ್ದರೆ ರಾಡನ್ನು ಬಿಚ್ಚದೆಯೇ ತಿರುಗಿಸಿ ಉದ್ದ ಹೊಂದಿಸಬಹುದು. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ರಾಡು ಡಿಫರೆನ್ಷಿಯಲ್ ಕವಚಕ್ಕೆ ತಾಗದಂತೆ ಅದರ ಬಾಗು ಇರಬೇಕು. ಹಳೆಯ ರಾಡನ್ನೇ ಕತ್ತರಿಸಿ, ನಡುವೆ ತುಂಡು ಪೈಪು ಬೆಸೆದು ಉದ್ದ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಓಡುವಾಗ ಆ ಬೆಸುಗೆ ಬಿಟ್ಟರೆ ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿಯಲು ಬೇರೇನೂ ಇರುವುದಿಲ್ಲ, ಸ್ಟೀರಿಂಗ್ ನಿಮ್ಮ ಮಾತು ಕೇಳುವುದಿಲ್ಲ. ಒಬ್ಬರ ಪ್ರಾಣದ ಪ್ರಶ್ನೆ ಇದು.

ಪ್ಯಾನ್‌ಹಾರ್ಡ್ ರಾಡಿನ ಒಂದು ತುದಿಯನ್ನು ಎತ್ತರ ಮಾಡುವ ಬ್ರ್ಯಾಕೆಟ್‌ಗಳೂ ಸಿಗುತ್ತವೆ. ಅದು ನಿಮಗೆ ಬೇಡ. ಮುಂದಿನ ಪ್ಯಾನ್‌ಹಾರ್ಡ್ ರಾಡು ಮತ್ತು ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಡ್ರ್ಯಾಗ್ ಲಿಂಕ್ ಎಂಬ ಸರಳು ಒಂದಕ್ಕೊಂದು ಸಮಾಂತರವಾಗಿದ್ದಷ್ಟು ಕಾಲ ಗುಂಡಿಯಲ್ಲಿ ಆಕ್ಸಲ್ ಏರಿಳಿದರೂ ಚಕ್ರ ತಾನಾಗಿ ತಿರುಗುವುದಿಲ್ಲ. ಲಿಫ್ಟ್ ಆದಾಗ ಎರಡೂ ಒಟ್ಟಿಗೇ ಓರೆಯಾಗುವುದರಿಂದ ಆ ಹೊಂದಾಣಿಕೆ ಬಹುಮಟ್ಟಿಗೆ ಉಳಿದಿರುತ್ತದೆ. ಒಂದನ್ನು ಮಾತ್ರ ನೆಟ್ಟಗೆ ಮಾಡಿದರೆ ಪ್ರತಿ ಗುಂಡಿಗೂ ಸ್ಟೀರಿಂಗ್ ಕೈಯಲ್ಲಿ ಜಗ್ಗುತ್ತದೆ.

ಆಕ್ಸಲ್ ನಡುವಿಗೆ ಬಂದ ಮೇಲೆ ಡ್ರ್ಯಾಗ್ ಲಿಂಕ್‌ನ ಉದ್ದ ಹೊಂದಿಸಿ ಸ್ಟೀರಿಂಗ್ ಚಕ್ರವನ್ನು ನೇರಕ್ಕೆ ತರಬೇಕು. ಈ ಅನುಕ್ರಮ ತಪ್ಪಿದರೆ ಎರಡೆರಡು ಬಾರಿ ಕೆಲಸವಾಗುತ್ತದೆ. ಸ್ಟೀರಿಂಗ್ ಚಕ್ರವನ್ನೇ ಕಿತ್ತು ಒಂದು ಹಲ್ಲು ತಿರುಗಿಸಿ ಕೂರಿಸುವುದು ಸುಲಭವೆಂದು ಕೆಲವರು ಹೇಳುತ್ತಾರೆ. ನಿಮ್ಮ ಗಾಡಿಯಲ್ಲಿ, ಜಾರುವಾಗ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ಇಎಸ್‌ಪಿ ಇದೆ. ಸ್ಟೀರಿಂಗ್ ಕೋನದ ಸೆನ್ಸರ್ ಹೇಳುವ ನೇರಕ್ಕೂ ಗಾಡಿ ಓಡುವ ನೇರಕ್ಕೂ ತಾಳೆಯಾಗದಿದ್ದರೆ, ಒದ್ದೆ ತಿರುವಿನಲ್ಲಿ ಆ ವ್ಯವಸ್ಥೆ ಬೇಡದ ಚಕ್ರಕ್ಕೆ ಬ್ರೇಕ್ ಹಾಕೀತು. ಚಕ್ರ ಕೀಳುವ ದಾರಿ ಬೇಡವೇ ಬೇಡ.

ಟೋ ಹೊಂದಿಸುವುದು ಎಲ್ಲಕ್ಕಿಂತ ಕೊನೆಗೆ, ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನಲ್ಲಿ. ಅದಕ್ಕೆ ಹೊಸ ಭಾಗ ಬೇಕಿಲ್ಲ.

ಇನ್ನು ಗುಂಡಿಗೆ ಇಳಿದಾಗಿನ ನಡುಕ. ನಾನು ಮೊದಲಿಗೆ ಅನುಮಾನವೆಂದದ್ದು ಇದನ್ನೇ. ಕಾಸ್ಟರ್ ಕಡಿಮೆಯಾದರೆ ನಡುಕಕ್ಕೆ ಎಡೆಯಾಗುತ್ತದೆ ನಿಜ, ಆದರೆ ಬಹಳ ಸಲ ಬೇರು ಇರುವುದು ಸವೆದ ಕೀಲುಗಳಲ್ಲಿ ಮತ್ತು ಬ್ಯಾಲೆನ್ಸ್ ತಪ್ಪಿದ ಟೈರಿನಲ್ಲಿ. ಯಾವ ಭಾಗವನ್ನೂ ತರಿಸುವ ಮೊದಲು ಈ ಪರೀಕ್ಷೆ ಮಾಡಿ. ಗಾಡಿಯನ್ನು ನೆಲದ ಮೇಲೇ ಬಿಟ್ಟು, ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಕೈಯಗಲದಷ್ಟು ಅಲ್ಲಾಡಿಸುತ್ತಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನೀವು ಕೆಳಗೆ ಬಗ್ಗಿ ಒಂದೊಂದೇ ಕೀಲಿನ ಮೇಲೆ ಬೆರಳಿಡಿ, ಬೆರಳಿನ ಅರ್ಧ ಒಂದು ಭಾಗದ ಮೇಲೆ, ಅರ್ಧ ಇನ್ನೊಂದರ ಮೇಲೆ ಇರಲಿ. ಸರಿಯಾದ ಕೀಲಿನಲ್ಲಿ ಎರಡೂ ಒಟ್ಟಿಗೆ ಚಲಿಸುತ್ತವೆ. ಸವೆದಲ್ಲಿ ಒಂದು ಮುಂದೆ, ಇನ್ನೊಂದು ಹಿಂದೆ ಉಳಿದು, ಚರ್ಮವನ್ನು ಚಿವುಟಿದಂತೆ ಗೊತ್ತಾಗುತ್ತದೆ. ಪ್ಯಾನ್‌ಹಾರ್ಡ್ ರಾಡಿನ ಬೋಲ್ಟ್ ಸುತ್ತ ಕಂದು ಬಣ್ಣದ ತುಕ್ಕಿನ ಪುಡಿ ಇದ್ದರೆ ಅಲ್ಲಿ ರಂಧ್ರ ಮೊಟ್ಟೆಯಾಕಾರಕ್ಕೆ ಅಗಲವಾಗಿರುವ ಸಂಭವ ಹೆಚ್ಚು. ಆಮೇಲೆ ಚಕ್ರವನ್ನು ಜ್ಯಾಕಿನ ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್‌ಪಿನ್ ಮತ್ತು ಚಕ್ರದ ಬೇರಿಂಗಿನ ಸಡಿಲತನ ತಿಳಿಯುತ್ತದೆ. ದಪ್ಪ ಡ್ಯಾಂಪರ್ ಈ ಎಲ್ಲ ದೋಷಗಳನ್ನು ಕೆಲವು ತಿಂಗಳು ಮುಚ್ಚಿಡುತ್ತದೆ, ಅಷ್ಟರಲ್ಲಿ ಸವೆತ ಬೆಳೆದಿರುತ್ತದೆ. ಸ್ಪೇಸರ್ ಹಾಕಿದರೆ ಟೈರು ತಿರುಗುವ ಅಕ್ಷದಿಂದ ಇನ್ನಷ್ಟು ಹೊರಗೆ ಹೋಗಿ, ಗುಂಡಿಯ ಏಟು ಸ್ಟೀರಿಂಗಿಗೆ ಹೆಚ್ಚು ತಟ್ಟುತ್ತದೆ, ಬೇರಿಂಗಿನ ಹೊರೆಯೂ ಏರುತ್ತದೆ.

ಕಾನೂನಿನ ವಿಷಯವನ್ನೂ ಮುಚ್ಚಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಎತ್ತರಿಸಿದ ಗಾಡಿಯನ್ನು ಹೆದ್ದಾರಿಗೆ ತರುವ ಮುನ್ನ ನಿಮ್ಮ ಆರ್‌ಟಿಒ ಕಚೇರಿ ಮತ್ತು ವಿಮಾ ಕಂಪನಿ ಎರಡರಲ್ಲೂ ಲಿಖಿತವಾಗಿ ವಿಚಾರಿಸಿ.

ಆರ್ಮ್ ಮತ್ತು ರಾಡು ಕೂರಿಸುವ ದಿನ ಒಂದು ವಿಷಯಕ್ಕೆ ಮಾತ್ರ ಪಟ್ಟು ಹಿಡಿಯಿರಿ. ಗಾಡಿ ಜ್ಯಾಕಿನ ಮೇಲೆ ತೂಗುತ್ತಿರುವಾಗ ಬುಷ್ ಬೋಲ್ಟ್‌ಗಳನ್ನು ಕೈಬಿಗಿ ಮಾತ್ರ ಮಾಡಬೇಕು. ನಾಲ್ಕೂ ಚಕ್ರ ನೆಲಕ್ಕಿಳಿದು, ಗಾಡಿಯನ್ನು ಎರಡು ಮೂರು ಸಲ ಅದುಮಿ ಕುಲುಕಿದ ಮೇಲೆಯೇ ಟಾರ್ಕ್ ವ್ರೆಂಚಿನಿಂದ ಕೊನೆಯ ಬಿಗಿ ಕೊಡಬೇಕು. ತೂಗುತ್ತಿರುವಾಗಲೇ ಬಿಗಿದರೆ ಗಾಡಿ ಇಳಿಸಿದ ಕ್ಷಣದಿಂದ ಬುಷ್‌ಗಳ ರಬ್ಬರು ತಿರುಚಿಕೊಂಡೇ ಇದ್ದು ಒಂದೆರಡು ಮಳೆಗಾಲದೊಳಗೆ ಹರಿಯುತ್ತದೆ. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್‌ವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆಸಿಕೊಳ್ಳಿ. 500 ಕಿ.ಮೀ. ಓಡಿದ ಮೇಲೆ ಟಾರ್ಚ್ ಹಿಡಿದು ಕೆಳಗೆ ನೋಡಿ, ಎಲ್ಲಿ ಆ ಗೆರೆ ಮುರಿದಿದೆಯೋ ಅಲ್ಲಿ ಬೋಲ್ಟ್ ಸಡಿಲವಾಗಿದೆ.